ಕಾರ್ಡ್ ತೆಗೆದರೆ ಕರೆಂಟ್ ಹೋಗುತ್ತದೆ

14 ವರ್ಷ ಹೋಟೆಲ್ ಮೇಂಟೆನೆನ್ಸ್‌ನಲ್ಲಿ ಇದ್ದವನು ನಾನು. ಮಡಿಕೇರಿ ಹತ್ತಿರದ ನಮ್ಮ ಹಳೇ ದೊಡ್ಡ ಹೋಟೆಲ್ ಸಂಸ್ಕೃತಿ ಕೇಂದ್ರವಾಯಿತು. ಕಟ್ಟಡದ ಜೊತೆ ನಾನೂ ಉಳಿದೆ. ಕಟ್ಟಡಗಳು ಕೆಲಸ ಬದಲಿಸುವುದು ನಮ್ಮೂರಿಗೆ ಹೊಸದಲ್ಲ. ಕೋಟೆಯೊಳಗಿನ ಚರ್ಚು ಈಗ ಮ್ಯೂಸಿಯಂ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಮೊದಲು ಆರ್‌ಟಿಒ ಆಫೀಸಾಗಿತ್ತು, ನಾನು ಲೈಸೆನ್ಸ್‌ಗೆ ಕ್ಯೂ ನಿಂತದ್ದು ಅಲ್ಲೇ. 2021ರಲ್ಲಿ ಅದೂ ಮ್ಯೂಸಿಯಂ ಆಯಿತು.

ನಮ್ಮಲ್ಲಿ ಗೆಸ್ಟ್ ರೂಮುಗಳನ್ನೇ ಪ್ರದರ್ಶನದ ಕೋಣೆ ಮಾಡಿದೆವು. ಮಂಚ ಹೋಯಿತು, ಗಾಜಿನ ಬೀರು ಬಂತು. ಬಾಗಿಲ ಪಕ್ಕದ ಕೀ ಕಾರ್ಡ್ ಸ್ವಿಚ್ (ಕಾರ್ಡ್ ಸಿಕ್ಕಿಸಿದರೆ ಮಾತ್ರ ಕೋಣೆಗೆ ಕರೆಂಟ್) ಮಾತ್ರ ಹಾಗೇ ಇತ್ತು. ಯಾರೂ ಅದರ ಬಗ್ಗೆ ಯೋಚಿಸಲಿಲ್ಲ, ನಾನೂ.

ಒಂದು ಕೋಣೆಯಲ್ಲಿ ಒಬ್ಬರ ಮನೆಯಿಂದ ಎರವಲು ತಂದ ಕಪ್ಪು ಕುಪ್ಯ (ಕೊಡವರ ಉದ್ದ ನಿಲುವಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಬಾಕು) ಇದ್ದವು. ತೇವ ಎಳೆಯಲು ಡಿಹ್ಯುಮಿಡಿಫೈಯರ್ ಇಟ್ಟಿದ್ದೆವು. ಗಾಳಿಯ ತೇವಾಂಶ 65 ಶೇಕಡಾ ದಾಟಿ ಹಾಗೇ ನಿಂತರೆ ಬೂಷ್ಟು ಶುರುವಾಗುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮಲ್ಲಿ ಅದು 90ರ ಹತ್ತಿರ ಇರುತ್ತದೆ. ಒಗೆದ ಬನಿಯನ್ ನಾಲ್ಕು ದಿನ ಒಣಗಲ್ಲ, ಇನ್ನು ಉಣ್ಣೆಯ ಕುಪ್ಯ!

ಸಂಜೆ ಬಾಗಿಲು ಹಾಕುವಾಗ ನಾನೇ ಕಾರ್ಡ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹಳೇ ಕೈ, ಹಳೇ ಅಭ್ಯಾಸ. ಗೆಸ್ಟ್ ಹೋದರೆ ಕರೆಂಟ್ ಉಳಿತಾಯ ಆಗಬೇಕು, ಅಷ್ಟೇ ತಲೆಯಲ್ಲಿ. ರಾತ್ರಿಯೆಲ್ಲ ಸುಮ್ಮನಿದ್ದ ಮೆಷಿನ್ ಬೆಳಿಗ್ಗೆ ಕಾರ್ಡ್ ಹಾಕಿದ ಕೂಡಲೇ ಗುಂಯ್ ಅನ್ನುತ್ತಿತ್ತು, ಹಾಗಾಗಿ ಅನುಮಾನವೇ ಬರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕುಪ್ಯದ ತೋಳಿನ ಮೇಲೆ ಅಕ್ಕಿಹಿಟ್ಟು ಉದುರಿದ ಹಾಗೆ ಬಿಳಿ ಬಿಳಿ.

ಒದ್ದೆ ಬಟ್ಟೆ ತಂದೆ. ಕೇಂದ್ರದ ಮೇಡಂ ಕೈ ಹಿಡಿದು ನಿಲ್ಲಿಸಿದರು. ಒರೆಸಿದರೆ ಇನ್ನೂ ಒಳಗೆ ಹೋಗುತ್ತದಂತೆ. ಬೇರೆ ಕೋಣೆಯಲ್ಲಿ ಪೂರ್ತಿ ಒಣಗಿಸಿ, ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ನೆಟ್ ಬಟ್ಟೆ ಕಟ್ಟಿ, ಮೆತ್ತಗಿನ ಬ್ರಷ್‌ನಿಂದ ತೆಗೆದೆವು. ಮಾಸ್ಕ್ ಹಾಕಿಕೊಂಡೇ.

ಆಮೇಲೆ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ ಮೆಷಿನ್‌ಗೆ ಬೋರ್ಡಿನಿಂದ ನೇರ ಲೈನ್ ಎಳೆಸಿದೆ, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಹಾಕಿ. ನೀರಿನ ಡಬ್ಬಿ ತುಂಬಿದರೂ ಮೆಷಿನ್ ನಿಲ್ಲುತ್ತದೆ, ಅದಕ್ಕೆ ಬಾತ್‌ರೂಮಿಗೆ ಪೈಪ್ ಬಿಟ್ಟೆವು (ಹಳೇ ಹೋಟೆಲ್ ಆಗಿದ್ದರ ಒಂದೇ ಲಾಭ). ಇನ್ನೊಂದು ಕೋಣೆಯ ಮೆಷಿನ್ ಕರೆಂಟ್ ಹೋಗಿ ಬಂದರೆ ತಾನಾಗಿ ಶುರುವಾಗಲ್ಲ. ಮಳೆಗಾಲದ ಕೊಡಗಿಗೆ ಅದು ಪ್ರಯೋಜನವಿಲ್ಲ, ಬದಲಿಸಿದೆವು. ತೇವಾಂಶದ ಮೀಟರ್ ಮೊದಲೂ ಇತ್ತು, ಆದರೆ ನಾವು ಮಧ್ಯಾಹ್ನ ಮಾತ್ರ ನೋಡುತ್ತಿದ್ದೆವು. ಈಗ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ, ಲೈಟ್ ಹಾಕುವ ಮೊದಲೇ ನೋಡಿ ಬರೆಯುತ್ತೇವೆ.

ಕುಪ್ಯ ಕೊಟ್ಟ ಮನೆಗೆ ನಾನೇ ಹೋಗಿ ವಿಷಯ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅಜ್ಜಿ ಕಾಫಿ ಕೊಟ್ಟರು. “ನಮ್ಮಲ್ಲಿ ಮಳೆಗಾಲಕ್ಕೆ ಒಲೆ ಮೇಲಿನ ಅಟ್ಟದಲ್ಲಿ ಪೆಟ್ಟಿಗೆ ಇಡ್ತಿದ್ವಿ. ನಿಮ್ಮಲ್ಲಿ ಒಲೆ ಹಚ್ಚೋಕೆ ಆಗಲ್ವಾ?”

“ಫೈರ್ ಅಲಾರ್ಮ್ ಇದೆ ಅಜ್ಜಿ” ಅಂದೆ.