ದಾರಿ ತೋರಿಸುವ ಗಡಿಯಾರಗಳು

ಫೋನಿನಲ್ಲಿ ಜಿಪಿಎಸ್ ಆನ್ ಮಾಡಿದರೆ ಮೇಲಿನಿಂದ ಉಪಗ್ರಹ ನಮ್ಮನ್ನು ನೋಡುತ್ತಾ ಇರುತ್ತದೆ ಅಂತ ಇವತ್ತೂ ಒಬ್ಬರು ಹೇಳಿದರು. ಹಾಗೇನಿಲ್ಲ. ಆ ಉಪಗ್ರಹಕ್ಕೆ ನಾವು ಯಾರು, ಎಲ್ಲಿದ್ದೇವೆ ಅನ್ನುವುದೇ ಗೊತ್ತಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಅದು ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಅಂತ ಸಾರುತ್ತಲೇ ಇರುತ್ತದೆ. ಫೋನ್ ಸುಮ್ನೆ ಕೇಳಿಸಿಕೊಳ್ಳುತ್ತದೆ. ಸಿಗ್ನಲ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ತಿಳಿಯುತ್ತದೆ. ಜಾಗ ಗುರುತಿಸಲು ಮೂರು ಉಪಗ್ರಹ ಸಾಕು. ಆದರೆ ಫೋನಿನ ಗಡಿಯಾರ ಅಷ್ಟು ನಿಖರವಲ್ಲ, ಅದನ್ನು ಸರಿಪಡಿಸಿಕೊಳ್ಳಲು ನಾಲ್ಕನೆಯದು ಬೇಕು.

ನನಗೆ ಜಾಸ್ತಿ ಇಷ್ಟವಾಗುವುದು ಉಪಗ್ರಹದೊಳಗಿನ ಗಡಿಯಾರಗಳ ವಿಷಯ. ಅಲ್ಲಿ ಗುರುತ್ವ ಕಡಿಮೆ, ವೇಗ ಹೆಚ್ಚು. ಎರಡೂ ಸೇರಿ ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಅದನ್ನು ಬಿಟ್ಟುಬಿಟ್ಟರೆ ದೂರದ ಲೆಕ್ಕ ಒಂದೇ ದಿನಕ್ಕೆ 10 ಕಿಲೋಮೀಟರ್‌ನಷ್ಟು ತಪ್ಪುತ್ತದೆ! ಅದಕ್ಕೇ ಹಾರಿಸುವ ಮೊದಲೇ ಅವನ್ನು ಒಂಚೂರು ನಿಧಾನ ಮಾಡಿರುತ್ತಾರೆ. ಗುರುತ್ವಕ್ಕೂ ಸಮಯಕ್ಕೂ ಇರುವ ನಂಟಿನ ಬಗ್ಗೆ ಐನ್‌ಸ್ಟೈನ್ 1915ರಲ್ಲಿ ಬರೆದ ಸಮೀಕರಣಗಳು ಈಗ ಆಟೋದವರಿಗೆ ಮನೆ ಹುಡುಕಿಕೊಡುತ್ತಿವೆ. ಯೋಚಿಸಿದಷ್ಟೂ ಖುಷಿಯಾಗುತ್ತದೆ.

ಜಿಪಿಎಸ್‌ನಂತೆ ದಾರಿ ತೋರಿಸುವ ನಮ್ಮ ದೇಶದ್ದೇ ನಾವಿಕ್ ವ್ಯವಸ್ಥೆಯಲ್ಲಿ ಮೊದಲು ಬಳಸಿದ ಪರಮಾಣು ಗಡಿಯಾರಗಳು, ಅಂದರೆ ಉಪಗ್ರಹದಲ್ಲಿಡುವ ಅತಿ ನಿಖರ ಗಡಿಯಾರಗಳು, ಹೊರದೇಶದವು. ಅವುಗಳಲ್ಲಿ ಕೆಲವು ಕೆಟ್ಟವು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಮೊದಲ ಸಲ ನಮ್ಮಲ್ಲೇ ಮಾಡಿದ ರುಬಿಡಿಯಂ ಪರಮಾಣು ಗಡಿಯಾರ ಇತ್ತು. ಅವತ್ತು ಎಲ್ಲರೂ ರಾಕೆಟ್ ನೋಡಿದರು. ನನಗೆ ಮಾತ್ರ ಆ ಗಡಿಯಾರವೇ ದೊಡ್ಡ ಸುದ್ದಿ.