ಗಾಡಿಯ ಬೆನ್ನಿಗೆ ಮೆತ್ತುವ ಧೂಳು

ವಿಜಯಪುರದಿಂದ ಸೊಲ್ಲಾಪುರಕ್ಕೆ ಓಡಾಡುವ ಬಸ್ಸುಗಳನ್ನು ಬೇಸಿಗೆಯಲ್ಲಿ ನೋಡಿದವರು ಗಮನಿಸಿರಬಹುದು, ಹಿಂಬದಿಯ ಗಾಜಿನ ಮೇಲೆ ಧೂಳು ದಪ್ಪಗೆ ಕೂತಿರುತ್ತದೆ. ಧೂಳನ್ನು ಹಿಂದೆ ಬಿಟ್ಟು ಓಡುವ ಗಾಡಿಯ ಬೆನ್ನಿಗೇ ಅದು ಹೇಗೆ ಮೆತ್ತುತ್ತದೆ ಎಂದು ಹುಡುಕುತ್ತ ಹೋದಾಗ, ಡೀಸೆಲ್ ಪೋಲಾಗುವ ಒಂದು ದೊಡ್ಡ ಕಾರಣವೇ ನನಗೆ ಸಿಕ್ಕಿತು.

ಚಾವಣಿಗೂ ಮಗ್ಗುಲುಗಳಿಗೂ ತಾಗಿ ಹರಿದು ಬಂದ ಗಾಳಿ ಹಿಂದಿನ ಅಂಚಿನಲ್ಲಿ ಥಟ್ಟನೆ ತಿರುಗಲಾರದೆ ಬಾಡಿಯಿಂದ ಕಳಚಿಕೊಳ್ಳುತ್ತದೆ. ಅಲ್ಲಿ ಒತ್ತಡ ಕುಸಿದು ಸುಳಿಗಳೆದ್ದು, ಚಕ್ರಗಳು ಎಬ್ಬಿಸಿದ ಧೂಳನ್ನು ಹಿಂಬಾಗಿಲಿಗೇ ತಂದು ಬಡಿಯುತ್ತವೆ. ಮುಂದೆ ಹೆಚ್ಚಿರುವ ಒತ್ತಡಕ್ಕೂ ಹಿಂದೆ ಕುಸಿದ ಒತ್ತಡಕ್ಕೂ ಇರುವ ಅಂತರವೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ಗಂಟೆಗೆ 40 ಕಿ.ಮೀ.ನಿಂದ 80ಕ್ಕೆ ಏರಿದರೆ ಈ ಜಗ್ಗಾಟ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಎಂಜಿನ್ ಎಂಟು ಪಟ್ಟು ಶಕ್ತಿ ಕೊಡಬೇಕು.

ಅಣ್ಣನ ಒಣದ್ರಾಕ್ಷಿ ಸಾಗಿಸುವ ಗಾಡಿಗೆ ಗೇಣುದ್ದದ ಉಲ್ಲನ್ ದಾರಗಳನ್ನು ಅಂಟಿಸಿ, ಹಿಂದಿನ ಕಾರಿನಲ್ಲಿ ಕೂತು ನೋಡಿದೆ. ಮಗ್ಗುಲಿನ ದಾರಗಳು ನೆಟ್ಟಗೆ ಹಿಂದಕ್ಕೆ ಚಾಚಿಕೊಂಡಿದ್ದವು. ಹಿಂಬಾಗಿಲಿನವು ಯಾವ ದಿಕ್ಕಿಗೂ ನಿಲ್ಲದೆ ಒದ್ದಾಡುತ್ತಿದ್ದವು.

ನೀರಹನಿಯಂತೆ ಬಾಲ ನಿಧಾನವಾಗಿ ಕಿರಿದಾದರೆ ಗಾಳಿ ಕಳಚುವುದು ತಡವಾಗುತ್ತದೆ. ಅಷ್ಟುದ್ದದ ಬಾಲ ರಸ್ತೆಗೆ ಒಗ್ಗುವುದಿಲ್ಲ. ಅದನ್ನು ನಡುವೆಯೇ ಕತ್ತರಿಸಿದರೂ ಲಾಭದ ಬಹುಪಾಲು ಉಳಿಯುತ್ತದೆ ಎಂಬ ವಿಚಾರ 1930ರ ದಶಕದ ಜರ್ಮನ್ ಎಂಜಿನಿಯರ್ ವುನಿಬಾಲ್ಡ್ ಕಾಮ್ ಅವರ ಹೆಸರಿನಲ್ಲಿ ಉಳಿದಿದೆ. ಎಷ್ಟು ಇಳಿಜಾರು ಕೊಡಬೇಕು ಎಂಬುದು ನಾಜೂಕಿನ ಮಾತು. 1984ರಲ್ಲಿ ಎಸ್. ಆರ್. ಅಹಮದ್ ಮತ್ತು ಸಂಗಡಿಗರು ಸರಳವಾದ ಮಾದರಿಯೊಂದರ ಹಿಂಬದಿಯ ಇಳಿಜಾರನ್ನು ಬದಲಿಸುತ್ತ ಅಳೆದಾಗ, ಸುಮಾರು 12 ಡಿಗ್ರಿಯವರೆಗೆ ಎಳೆತ ತಗ್ಗಿತು. ಅಲ್ಲಿಂದ ಏರುತ್ತ 30 ಡಿಗ್ರಿಯ ಹೊತ್ತಿಗೆ ತುತ್ತತುದಿ ಮುಟ್ಟಿತು. ಚಾವಣಿಯನ್ನು ಹೆಚ್ಚು ಇಳಿಸಿದಷ್ಟೂ ಒಳ್ಳೆಯದು ಎಂಬ ಊಹೆಗೆ ಇಲ್ಲಿ ಜಾಗವಿಲ್ಲ.

ಈಗಾಗಲೇ ಓಡಾಡುತ್ತಿರುವ ಗಾಡಿಗೆ ಪ್ಲೈವುಡ್ ರೆಕ್ಕೆ ಜಡಿಯುವುದನ್ನು ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಸಹ ಮನಬಂದಂತೆ ಮಾರ್ಪಾಡು ಮಾಡುವುದನ್ನು ತಡೆಯುತ್ತದೆ. ಬಾಡಿ ಕಟ್ಟಿಸುವಾಗಲೇ ಇದನ್ನು ಯೋಚಿಸಬೇಕು. ಅಣ್ಣನ ಹೊಸ ಗಾಡಿಯಲ್ಲಿ ಚಾವಣಿಯ ಕೊನೆಯ ಒಂದು ಮೀಟರನ್ನು 10 ಡಿಗ್ರಿ ಇಳಿಸೋಣ ಎಂದು ಕೇಳಿದ್ದೇನೆ. ಹಾಗೆ ಮಾಡಿದರೆ ಹಿಂಬಾಗಿಲು 17 ಸೆಂಟಿಮೀಟರಿನಷ್ಟು ತಗ್ಗಿ, ಮೇಲಿನ ಸಾಲಿನ ಕೊನೆಯ ಪೆಟ್ಟಿಗೆಗಳಿಗೆ ಜಾಗ ಸಾಲದು ಎಂಬುದು ಅವನ ಆಕ್ಷೇಪ. ಅದು ನ್ಯಾಯವಾದದ್ದೇ. ಆ ಪೆಟ್ಟಿಗೆಗಳ ಬಾಡಿಗೆ ಹೆಚ್ಚೋ, ಉಳಿಯುವ ಡೀಸೆಲ್ ಹೆಚ್ಚೋ ಎಂದು ಇಬ್ಬರೂ ಈಗ ಲೆಕ್ಕಕ್ಕೆ ಕೂತಿದ್ದೇವೆ.