ಬೆಂಕಿಗೆ ಬಗ್ಗದ ವಿಷ

ನಗರದ ನಡುವಿನ ನದಿಯಲ್ಲೋ ಕೆರೆಯಲ್ಲೋ ಗಾಳ ಹಾಕಿ ಕುಳಿತವರನ್ನು ಕಂಡರೆ ನಾನು ಸ್ವಲ್ಪ ಹೊತ್ತು ನಿಂತು ನೋಡುವುದುಂಟು. ಈ ನೀರಿನ ಮೀನನ್ನು ತಿನ್ನಬಹುದೇ ಎಂದು ಕೇಳಿದರೆ ಬಹುಪಾಲು ಸಿಗುವ ಉತ್ತರ ಒಂದೇ: ಕಿವಿರು ಕೆಂಪಗಿದೆ, ಕಣ್ಣು ಹೊಳೆಯುತ್ತಿದೆ, ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ. ಈ ಮಾತು ಪೂರ್ತಿ ಸುಳ್ಳಲ್ಲ ಎಂಬುದೇ ನನ್ನ ಆತಂಕಕ್ಕೆ ಕಾರಣ. ಚರಂಡಿ ನೀರಿನಿಂದ ಬರುವ ರೋಗಾಣುಗಳೂ ಪರಾವಲಂಬಿ ಹುಳುಗಳೂ ಚೆನ್ನಾಗಿ ಬೇಯಿಸಿದಾಗ ಸಾಯುತ್ತವೆ. ಆದರೆ ಕಿವಿರಿನ ಬಣ್ಣ ಹೇಳುವುದು ಮೀನು ಸತ್ತು ಎಷ್ಟು ಹೊತ್ತಾಯಿತು ಎಂಬುದನ್ನೇ ಹೊರತು ಅದು ಎಂಥ ನೀರಿನಲ್ಲಿ ಬದುಕಿತ್ತು ಎಂಬುದನ್ನಲ್ಲ.

ಆ ನೀರಿನಲ್ಲಿ ಬೇಯಿಸಿದರೂ ಹೋಗದ ವಿಷಗಳಿರಬಹುದು. ಪಾದರಸವನ್ನೇ ನೋಡೋಣ. ನೀರಿಗೆ ಸೇರಿದ ಪಾದರಸ ತಳದ ಕೆಸರಿನಲ್ಲಿ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮಿಥೈಲ್ ಪಾದರಸವೆಂಬ ಇನ್ನೂ ಅಪಾಯಕಾರಿ ರೂಪಕ್ಕೆ ಮಾರ್ಪಡಿಸುತ್ತವೆ. ಅದು ಪಾಚಿಗೆ, ಪಾಚಿಯಿಂದ ಸಣ್ಣ ಜೀವಿಗಳಿಗೆ, ಅವುಗಳಿಂದ ಸಣ್ಣ ಮೀನಿಗೆ, ಕೊನೆಗೆ ಸಣ್ಣ ಮೀನನ್ನು ನುಂಗುವ ದೊಡ್ಡ ಮೀನಿಗೆ ದಾಟುತ್ತ ಪ್ರತಿ ಹಂತದಲ್ಲೂ ಸಾಂದ್ರವಾಗುತ್ತ ಹೋಗುತ್ತದೆ. ಮೀನಿನ ಮಾಂಸದ ಪ್ರೋಟೀನಿಗೇ ಅದು ಅಂಟಿಕೊಳ್ಳುವುದರಿಂದ ತೊಳೆದರೂ ಕರಿದರೂ ಕುದಿಸಿದರೂ ಹೋಗುವುದಿಲ್ಲ. ಜಪಾನಿನ ಮಿನಮಾಟದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ತ್ಯಾಜ್ಯದಲ್ಲಿ ಮಿಥೈಲ್ ಪಾದರಸವೇ ಇತ್ತು, ಅದು ಹೀಗೆಯೇ ಮೀನುಗಳಲ್ಲಿ ಸೇರಿಕೊಂಡಿತು. ಅಲ್ಲಿ ಮೀನು ತಿಂದ ಬೆಕ್ಕುಗಳು ನಡುಗುತ್ತ, ಕುಣಿದಂತೆ ತೂರಾಡುತ್ತ ಸತ್ತವು. 1956ರಲ್ಲಿ ಮನುಷ್ಯರಲ್ಲಿ ಕಾಯಿಲೆ ಅಧಿಕೃತವಾಗಿ ಪತ್ತೆಯಾಯಿತು. ಕಾರ್ಖಾನೆಯ ಮಿಥೈಲ್ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಆರೋಗ್ಯವಾಗಿಯೇ ಕಾಣುತ್ತಿದ್ದ ಕೆಲವು ತಾಯಂದಿರಿಗೆ ಮಿದುಳಿಗೆ ತೀವ್ರ ಹಾನಿಯಾಗಿದ್ದ ಮಕ್ಕಳು ಹುಟ್ಟಿದರು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳ ವಿಷಯದಲ್ಲಿ ಇಂದಿಗೂ ಹೆಚ್ಚಿನ ಎಚ್ಚರಿಕೆ ಹೇಳುವುದಕ್ಕೆ ಇದೂ ಒಂದು ಆಧಾರ.

ಪಿಸಿಬಿಗಳೆಂಬ ಕೈಗಾರಿಕಾ ರಾಸಾಯನಿಕಗಳ ಸ್ವಭಾವ ಬೇರೆ: ಅವು ಮಾಂಸಕ್ಕಿಂತ ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಚರ್ಮವನ್ನೂ ಹೊಟ್ಟೆಯ ಭಾಗದ ಕೊಬ್ಬನ್ನೂ ತೆಗೆದು, ಉಳಿದ ಕೊಬ್ಬು ತೊಟ್ಟಿಕ್ಕಿ ಹೋಗುವಂತೆ ಸುಟ್ಟರೆ ಅವುಗಳ ಪ್ರಮಾಣ ಸಾಕಷ್ಟು ತಗ್ಗುತ್ತದೆ. ಅದೇ ಮೀನಿನಲ್ಲಿರುವ ಪಾದರಸ ಮಾತ್ರ ಕದಲುವುದಿಲ್ಲ. ಅಮೆರಿಕದ ಹಡ್ಸನ್ ನದಿಗೆ ಪಿಸಿಬಿ ಬಿಡುವುದು ನಿಂತದ್ದು 1977ರಲ್ಲಿ, ಯಂತ್ರಗಳಿಂದ ತಳದ ಹೂಳನ್ನು ಎತ್ತಿದ್ದು 2009ರಿಂದ 2015ರವರೆಗೆ; ಆದರೂ ಅಲ್ಲಿನ ಮೀನು ತಿನ್ನುವ ಬಗ್ಗೆ ಎಚ್ಚರಿಕೆಗಳು ಇನ್ನೂ ಮುಂದುವರಿದಿವೆ. ಮೇಲಿನ ನೀರು ತಿಳಿಯಾದರೂ ಕೆಸರು ಹಳೆಯ ಲೆಕ್ಕವನ್ನು ಮರೆಯುವುದಿಲ್ಲ.

ಹಸಿರು ಬಣ್ಣದ ಕೆನೆ ಕಟ್ಟಿದ ನಿಂತ ನೀರಿನಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿನ ನೀಲಿ-ಹಸಿರು ಪಾಚಿ ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಸೂಸಬಲ್ಲದು, ಅದೂ ಕುದಿಸಿದರೆ ನಾಶವಾಗದಂಥದ್ದು. ಅದು ಮುಖ್ಯವಾಗಿ ಮೀನಿನ ಕರುಳು, ಯಕೃತ್ತುಗಳಲ್ಲಿ ಸೇರುವುದರಿಂದ ಅಂಥ ನೀರಿನ ಮೀನಿನ ಒಳಭಾಗಗಳನ್ನು ಬಳಸಲೇಬಾರದು.

ಪಾದರಸದ ವಿಷಯದಲ್ಲಿ, ಒಂದು ಸಲ ಮೀನು ತಿಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ದೇಹಕ್ಕೆ ಸೇರಿದ ಮಿಥೈಲ್ ಪಾದರಸದಲ್ಲಿ ಅರ್ಧದಷ್ಟು ಹೊರಹೋಗಲು ಸುಮಾರು 50 ದಿನ ಬೇಕು. ಆದ್ದರಿಂದ ವಾರಕ್ಕೆ ಮೂರು ಸಲ ತಿನ್ನುವವರಲ್ಲಿ ಅದು ಏರುತ್ತ ಹೋಗುತ್ತದೆ, ಎಂದೋ ಒಮ್ಮೆ ತಿನ್ನುವವರಲ್ಲಿ ಇಳಿಯಲು ಕಾಲಾವಕಾಶವಿರುತ್ತದೆ. ಇಂಥ ಮೀನಿನ ಊಟ ತಿಂಗಳಿಗೆ ಒಂದೇ ಸಾಕು ಎಂದು ಕೆಲವೆಡೆ ಕೊಡುವ ಸಲಹೆಯ ಹಿಂದಿರುವುದು ಈ ಲೆಕ್ಕ. ಆದರೆ ವಾರಕ್ಕೆ ಮೂರು ಸಲ ತಿನ್ನುವವರು ಹಲವೆಡೆ ಬೇರೆ ಮಾಂಸ ಕೊಳ್ಳಲಾಗದವರೇ ಆಗಿರುತ್ತಾರೆ. ಅವರಿಗೆ ಬರಿಯ ಎಚ್ಚರಿಕೆ ಫಲಕ ತೋರಿಸಿ ಕೈತೊಳೆದುಕೊಳ್ಳುವ ಆಡಳಿತದ ಬಗ್ಗೆ ನನಗೆ ಗೌರವವಿಲ್ಲ.

ಗಾಳ ಹಾಕುವವರು ಸಣ್ಣ ಮೀನನ್ನು ನೀರಿಗೆ ಬಿಟ್ಟು, ಬೇಟೆಯಾಡಿ ಬದುಕುವ ಮುದಿ ದೊಡ್ಡ ಮೀನು ಸಿಕ್ಕರೆ ಹೆಮ್ಮೆಯಿಂದ ಫೋಟೋ ತೆಗೆಸಿಕೊಂಡು ಮನೆಗೆ ಒಯ್ಯುತ್ತಾರೆ. ಪಾದರಸದ ಮಟ್ಟಿಗೆ ಹೇಳುವುದಾದರೆ ಫೋಟೋ ತೆಗೆಸಿಕೊಂಡ ಮೇಲೆ ನೀರಿಗೆ ಬಿಡಬೇಕಾದದ್ದು ಆ ದೊಡ್ಡದನ್ನೇ.